ಎತ್ತಿನ ಹಲ್ಲು, ಬಕೆಟ್ಟಿನ ಹಲ್ಲು

ನೀವು ಯಾವತ್ತಾದರೂ ಜೆಸಿಬಿಯ ಹಲ್ಲು ಎಣಿಸಿದ್ದೀರಾ?

ತಮಾಷೆ ಮಾಡ್ತಿಲ್ಲ. ಮಣ್ಣು ಅಗೆಯುವ ಬಕೆಟ್ಟಿನ ತುದಿಯಲ್ಲಿ ಸಾಲಾಗಿ ಉಕ್ಕಿನ ಮೊನೆಗಳಿರುತ್ತವಲ್ಲ, ಅವಕ್ಕೆ ಆ ಕಸುಬಿನವರು ಹಲ್ಲು ಅಂತಲೇ ಕರೆಯುತ್ತಾರೆ. ಬಂಡೆ ನೆಲದಲ್ಲಿ ಬೇಗ ಸವೆಯುತ್ತವೆ, ಕೆರೆ ಹೂಳಲ್ಲಿ ಬಾಳಿಕೆ ಬರುತ್ತವೆ. ಸವೆದರೆ ಬಿಚ್ಚಿ ಹೊಸದು ಹಾಕಬೇಕು.

2023ರ ಡಿಸೆಂಬರ್. ತುಮಕೂರು ರಸ್ತೆ, ಹತ್ತನೇ ಮೈಲಿ, ಮಾದಾವರ. ಬೆಂಗಳೂರು ಅಂತಾರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದಲ್ಲಿ ಎಕ್ಸ್‌ಕಾನ್ ನಡೀತಾ ಇತ್ತು. ಕಟ್ಟಡ, ರಸ್ತೆ, ಗಣಿ ಕೆಲಸದ ಯಂತ್ರಗಳಿಗೆ ಎರಡು ವರ್ಷಕ್ಕೊಮ್ಮೆ ಸೇರುವ ಮೇಳ ಅದು. ಆಗಿನ್ನೂ ಮಾದಾವರಕ್ಕೆ ಮೆಟ್ರೋ ಬಂದಿರಲಿಲ್ಲ, ನಾಗಸಂದ್ರದಲ್ಲೇ ಇಳಿಯಬೇಕಿತ್ತು. ನನ್ನ ಜೊತೆ ನಮ್ಮ ಚಿಕ್ಕಪ್ಪ ಇದ್ದರು. ಕ್ಯಾಮೆರಾ ಇರಲಿಲ್ಲ. ರಜೆ ಹಾಕಿ ಹೋಗಿದ್ದೆ.

ಅಲ್ಲೊಬ್ಬ ಹಿರಿಯರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್. ಜೊತೆಗೆ ಇಬ್ಬರು ಗಂಡು ಮಕ್ಕಳು. ಹುಡುಗರು ಮಾರಾಟದವನ ಹತ್ತಿರ ಮೈಲೇಜ್ ಎಷ್ಟು, ಡೌನ್ ಪೇಮೆಂಟ್ ಎಷ್ಟು ಅಂತ ಕೇಳ್ತಿದ್ದಾರೆ. ಹಿರಿಯರು ಯಾರ ಮಾತಿಗೂ ಕಿವಿ ಕೊಡದೆ ನೇರವಾಗಿ ಬಕೆಟ್ಟಿನ ಹತ್ತಿರ ಹೋದರು. ಬಗ್ಗಿ, ಒಂದೊಂದೇ ಹಲ್ಲಿನ ಮೇಲೆ ಬೆರಳು ಆಡಿಸಿದರು. ನನಗೆ ಮೈ ಜುಂ ಅಂತು. ಆ ಬೆರಳನ್ನ ನಾನು ಮೊದಲೇ ನೋಡಿದ್ದೆ. ಅದು ನಮ್ಮ ತಾತನ ಬೆರಳು.

ನಮ್ಮೂರು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿ. ಶಿವರಾತ್ರಿ ಹೊತ್ತಿಗೆ ತಾತ ಎತ್ತು ಹೊಡೆದುಕೊಂಡು ಸಿದ್ಧಗಂಗೆ ಜಾತ್ರೆಗೆ ಹೊರಡುತ್ತಿದ್ದರು. ನಾನು ಸಣ್ಣವನಿದ್ದಾಗ ಒಂದೆರಡು ಸಲ ಹಿಂದೆ ಹೋಗಿದ್ದೇನೆ. ಹಳ್ಳಿಕಾರ್ ಎತ್ತಿನ ಬಾಯಿ ಬಿಡಿಸಿ, ಹಲ್ಲಿನ ಮೇಲೆ ಬೆರಳಾಡಿಸಿ, ವಯಸ್ಸು ಹೇಳೋರು. ಬೆಲೆಯನ್ನ ಬಾಯಲ್ಲಿ ಹೇಳ್ತಿರಲಿಲ್ಲ. ಟವೆಲ್ ಕೆಳಗೆ ಇಬ್ಬರೂ ಕೈ ಹಿಡಿದು ಬೆರಳಲ್ಲೇ ವ್ಯಾಪಾರ ಮುಗಿಸೋರು. ಆ ಜಾತ್ರೆಯಲ್ಲಿ ದನಗಳ ಸಾಲು ಒಂದು ಕಡೆ, ಕೃಷಿ ಮತ್ತು ಕೈಗಾರಿಕಾ ವಸ್ತುಪ್ರದರ್ಶನ ಇನ್ನೊಂದು ಕಡೆ. ತಾತ ದನದ ಸಾಲಿನಲ್ಲಿ, ನಾನು ವಸ್ತುಪ್ರದರ್ಶನದಲ್ಲಿ. ಪಂಪ್‌ಸೆಟ್, ಟಿಲ್ಲರ್, ಟ್ರ್ಯಾಕ್ಟರ್ ನೋಡಿಕೊಂಡು ನಿಲ್ಲುತ್ತಿದ್ದೆ. ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದೋದಕ್ಕೆ ಕಾರಣ ಆ ಮಳಿಗೆಗಳೇ ಅನ್ನಬಹುದು.

ಹಾಗಾಗಿ ಇವತ್ತಿನ ಕಥೆ ಯಂತ್ರಗಳ ಜಾತ್ರೆಯದು. ಆದರೆ ಇದು ಬರೀ ಯಂತ್ರದ ಕಥೆ ಅಲ್ಲ ನೋಡಿ.

ಮೊದಲು ಜಾತ್ರೆಗೆ ಬರೋಣ. ದೇವರು ಮತ್ತು ವ್ಯಾಪಾರ ಒಂದೇ ಕಡೆ ಸೇರೋದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ಜರ್ಮನ್ ಭಾಷೆಯಲ್ಲಿ ವ್ಯಾಪಾರ ಮೇಳಕ್ಕೆ ಮೆಸ್ಸೆ ಅಂತಾರೆ. ಚರ್ಚಿನಲ್ಲಿ ನಡೆಯುವ ಪೂಜೆಗೂ ಅದೇ ಪದ. ಪೂಜೆಗೆ ಸೇರಿದ ಜನ ಹೊರಗೆ ಬಂದರೆ ಅಲ್ಲೇ ಸಂತೆ. ಆ ದೇಶದ ಲೈಪ್ಜಿಗ್ ಅನ್ನೋ ಊರಿಗೆ 1165ರ ಹೊತ್ತಿಗೇ ಮಾರುಕಟ್ಟೆ ನಡೆಸುವ ಹಕ್ಕು ಸಿಕ್ಕಿತ್ತು. ಶತಮಾನಗಳ ಕಾಲ ವ್ಯಾಪಾರಿಗಳು ಚರ್ಮ, ಬಟ್ಟೆ, ಪುಸ್ತಕ ಗಾಡಿಗಳಲ್ಲಿ ಹೇರಿಕೊಂಡು ಬಂದು, ಮಾರಿ, ಬರಿಗೈಲಿ ವಾಪಸು ಹೋಗುತ್ತಿದ್ದರು. ಆಮೇಲೆ ಕಾರ್ಖಾನೆ ಬಂತು, ರೈಲು ಬಂತು. ಒಂದೇ ಥರದ ಸಾವಿರ ಸಾಮಾನು ತಯಾರಾಗುವಾಗ ಎಲ್ಲವನ್ನೂ ಹೊತ್ತು ತರೋದ್ಯಾಕೆ? ಒಂದು ಮಾದರಿ ತಂದರೆ ಸಾಕಲ್ಲ? 1895ರಲ್ಲಿ ಲೈಪ್ಜಿಗ್ ಮಾದರಿಗಳ ಮೇಳವಾಯಿತು. ಮಾದರಿ ನೋಡು, ಆರ್ಡರ್ ಕೊಡು, ಸಾಮಾನು ಆಮೇಲೆ ಬರುತ್ತೆ. ಇವತ್ತು ಜಗತ್ತಿನಾದ್ಯಂತ ನಡೆಯುವ ವ್ಯಾಪಾರ ಮೇಳಗಳ ತಳಹದಿ ಇದು.

ಅದಕ್ಕೂ ಮುಂಚೆ, 1851ರಲ್ಲಿ, ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಗಾಜು ಮತ್ತು ಕಬ್ಬಿಣದ ಒಂದು ಅರಮನೆ ಎದ್ದಿತ್ತು. ಕ್ರಿಸ್ಟಲ್ ಪ್ಯಾಲೆಸ್. ಅದರೊಳಗೆ ಉಗಿ ಯಂತ್ರಗಳು, ಮಗ್ಗಗಳು, ಮುದ್ರಣ ಯಂತ್ರಗಳು. ಸುಮಾರು 60 ಲಕ್ಷ ಭೇಟಿಗಳಾದವು ಅಂತ ಲೆಕ್ಕ ಇದೆ. ನಮ್ಮಿಂದ ಹೋದ ಕೊಹಿನೂರ್ ವಜ್ರವನ್ನೂ ಅಲ್ಲೇ ಪಂಜರದಲ್ಲಿ ಇಟ್ಟು ತೋರಿಸಿದರು.

ಆ ಗಾಳಿ ಮೈಸೂರಿಗೂ ಬೀಸಿತು. ಹತ್ತನೇ ಚಾಮರಾಜ ಒಡೆಯರ ಕಾಲದಲ್ಲಿ, 1880ರ ದಶಕದಲ್ಲಿ, ದಸರಾಗೆ ವಸ್ತುಪ್ರದರ್ಶನ ಸೇರಿಕೊಂಡಿತು. ಈಗ ನಾವು ದಸರಾ ವಸ್ತುಪ್ರದರ್ಶನ ಅಂದರೆ ಜೈಂಟ್ ವೀಲ್, ಡೆಲ್ಲಿ ಹಪ್ಪಳ ಅಂದುಕೊಳ್ಳುತ್ತೇವೆ. ಶುರುವಾದಾಗ ಅದರ ಉದ್ದೇಶ ಬೇರೆ ಇತ್ತು. ಹೊಸ ಬೆಳೆ, ಹೊಸ ಉಪಕರಣ, ಹೊಸ ಕಸುಬು ಜನ ಕಣ್ಣಾರೆ ನೋಡಲಿ ಅಂತ. ಹಿಂದಿನ ಇಸವಿ ನೆನಪಿಸಿಕೊಂಡರೆ ಇದರ ತೂಕ ಗೊತ್ತಾಗುತ್ತೆ. 1876ರಿಂದ 78ರವರೆಗೆ ಮೈಸೂರು ಸೀಮೆಯನ್ನ ಭೀಕರ ಬರ ತಿಂದುಹಾಕಿತ್ತು. ಆ ಬರದಲ್ಲಿ ಹೊಟ್ಟೆಗಿಲ್ಲದ ಜನರಿಗೆ ಕೊಟ್ಟ ಕೆಲಸ ಏನು ಗೊತ್ತಾ? ಕಲ್ಲು ಒಡೆಯೋದು, ಮಣ್ಣು ಹೊರೋದು. ನಾವಿವತ್ತು ಕಾಫಿ ಕುಡಿಯುತ್ತಾ ಕೂತು ಹೋಗುವ ಬೆಂಗಳೂರು–ಮೈಸೂರು ರೈಲು ದಾರಿ ಇದೆಯಲ್ಲ, ಅದರ ಮಣ್ಣಿನ ಕೆಲಸ ಶುರುವಾಗಿದ್ದು ಬರ ಪರಿಹಾರದ ಕಾಮಗಾರಿಯಾಗಿ. ಹಸಿದವರ ತಲೆ ಮೇಲಿನ ಮಣ್ಣು ಅದು.

ಈಗ ಅಸಲಿ ಪ್ರಶ್ನೆಗೆ ಬರ್ತೀನಿ. ಯಂತ್ರ ಬರೋದಕ್ಕೆ ಮುಂಚೆ ಈ ನಾಡಿನ ಮಣ್ಣು ಎತ್ತಿದ್ದು ಯಾರು?

ಕರ್ನಾಟಕದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ ಅಂತಾರೆ. ಒಂದೊಂದು ಏರಿಯೂ ಮನುಷ್ಯರು ತಲೆ ಮೇಲೆ ಹೊತ್ತು ಸುರಿದ ಮಣ್ಣು. ಭೋವಿ ಸಮಾಜದವರು, ಹಳ್ಳಿಯವರ ಬಾಯಲ್ಲಿ ಒಡ್ಡರು ಅನ್ನಿಸಿಕೊಂಡವರು, ತಲೆತಲಾಂತರದಿಂದ ಈ ಕಸುಬು ಮಾಡಿದರು. ಅವರ ಆಸ್ತಿ ಅಂದರೆ ಗುದ್ದಲಿ, ಹಾರೆ, ಪಿಕಾಸಿ, ಮಂಕರಿ. ಗಂಡಸರು ಅಗೆಯೋದು, ಹೆಂಗಸರು ಹೊರೋದು. ಕೆಲಸ ಎಲ್ಲಿದೆಯೋ ಅಲ್ಲಿಗೆ ಸಂಸಾರ ಸಮೇತ ಹೋಗಿ ಗುಡಿಸಲು ಹಾಕೋದು.

ಅಳತೆ ಹೇಗೆ? ಅದೂ ಒಂದು ವಿದ್ಯೆ. ಅಗೆಯುವಾಗ ಗುಂಡಿಯ ನಡುವೆ ಅಲ್ಲಲ್ಲಿ ಒಂದೊಂದು ಮಣ್ಣಿನ ಕಂಬವನ್ನ ಅಗೆಯದೆ ಹಾಗೇ ಬಿಡುತ್ತಿದ್ದರು. ಮೇಸ್ತ್ರಿ ಬಂದು ಅದರ ಎತ್ತರ ನೋಡಿ ಎಷ್ಟು ಆಳ ಅಗೆದಿದ್ದಾರೆ ಅಂತ ಲೆಕ್ಕ ಹಾಕಿ ಕೂಲಿ ಕೊಡೋನು. ನನ್ನ ಸಿವಿಲ್ ಗೆಳೆಯ ಹೇಳಿದ, ಅವರ ಇಂಗ್ಲಿಷ್ ಪುಸ್ತಕದಲ್ಲಿ ಆ ಕಂಬದ ಹೆಸರು 'ಡೆಡ್ ಮ್ಯಾನ್' ಅಂತೆ. ಸತ್ತ ಮನುಷ್ಯ. ಕೂಲಿ ಪಾವತಿಯಾದ ಮೇಲೆ ಅದನ್ನೂ ಅಗೆದು ಹಾಕುತ್ತಾರೆ.

ಕೆರೆ ಏರಿ ಮೇಲೆ, ತೂಬಿನ ಪಕ್ಕ, ದೇವಸ್ಥಾನದ ಹತ್ತಿರ ಶಾಸನ ಇರುತ್ತೆ. ಯಾವ ರಾಜ, ಯಾವ ದಂಡನಾಯಕ, ಯಾವ ಗಾವುಂಡ ಅಂತ ಹೆಸರು ಇರುತ್ತೆ. ಅವರೆಲ್ಲಾ ಕೆರೆ ಕಟ್ಟಿಸಿದವರು. ಕಟ್ಟಿದವರ ಹೆಸರು ಹುಡುಕಿದರೂ ಸಿಗೋದು ಕಷ್ಟ. ಕನ್ನಡದಲ್ಲಿ 'ಕಟ್ಟಿದ'ಕ್ಕೂ 'ಕಟ್ಟಿಸಿದ'ಕ್ಕೂ ನಡುವೆ ಒಂದೇ ಒಂದು 'ಸಿ' ವ್ಯತ್ಯಾಸ. ಚರಿತ್ರೆ ಪೂರ್ತಿ ಆ 'ಸಿ' ಇರುವವರ ಕಡೆಗೇ ವಾಲಿಕೊಂಡಿದೆ.

ಕನ್ನಂಬಾಡಿಯನ್ನೇ ತಗೊಳ್ಳಿ. 1911ರಲ್ಲಿ ಕೆಲಸ ಶುರು, ಪೂರ್ತಿಯಾಗುವಾಗ 1930ರ ದಶಕ. ಸಿಮೆಂಟ್ ಹೊರದೇಶದಿಂದ ತರಿಸಬೇಕಿತ್ತು, ದುಬಾರಿ. ಹಾಗಾಗಿ ಸುಣ್ಣದ ಜೊತೆ ಸುಟ್ಟ ಇಟ್ಟಿಗೆ ಪುಡಿ ಬೆರೆಸಿ ಸುರ್ಕಿ ಗಾರೆ ಮಾಡಿದರು. ಸರ್ ಎಂ. ವಿಶ್ವೇಶ್ವರಯ್ಯನವರನ್ನ ನಾವು ನೆನೆಯುತ್ತೇವೆ, ನೆನೆಯಲೇಬೇಕು. ನಾಲ್ವಡಿ ಕೃಷ್ಣರಾಜ ಒಡೆಯರನ್ನೂ ನೆನೆಯುತ್ತೇವೆ. ಆದರೆ ಆ ಗಾರೆಯನ್ನ ಅರೆದವರು, ಕಲ್ಲು ಹೊತ್ತವರು ಸಾವಿರಾರು ಜನ. ಅವರಲ್ಲಿ ಒಬ್ಬರ ಹೆಸರು ಹೇಳಿ ನೋಡೋಣ? ನನಗೂ ಗೊತ್ತಿಲ್ಲ. ಎಂಜಿನಿಯರ್ಸ್ ಡೇ ದಿನ ಪ್ರತಿ ವರ್ಷ ಸ್ಟುಡಿಯೋದಲ್ಲಿ ನಿಂತು ಭಾಷಣ ಬಿಗಿಯುವ ನನಗೂ ಗೊತ್ತಿಲ್ಲ.

ಸರಿ, ಯಂತ್ರ ಯಾವಾಗ ಬಂತು?

ವಿಲಿಯಂ ಓಟಿಸ್ ಅಂತ ಅಮೆರಿಕದ ಒಬ್ಬ ಹುಡುಗ. 1835ರ ಸುಮಾರಿಗೆ ಉಗಿಯಿಂದ ನಡೆಯುವ ಸಲಿಕೆ ಮಾಡಿದ. ರೈಲು ಹಳಿ ಹಾಕಲು ಗುಡ್ಡ ಕಡಿಯುವ ಯಂತ್ರ. 1839ರಲ್ಲಿ ಪೇಟೆಂಟ್ ಸಿಕ್ಕಿತು, ಅದೇ ವರ್ಷ ಆತ ತೀರಿಕೊಂಡ. ವಯಸ್ಸು ಇನ್ನೂ ಮೂವತ್ತು ದಾಟಿರಲಿಲ್ಲ. ಅಲ್ಲಿಂದ ನೂರು ವರ್ಷಕ್ಕೂ ಹೆಚ್ಚು ಕಾಲ ದೊಡ್ಡ ಅಗೆತದ ಯಂತ್ರಗಳು ಸರಪಳಿ, ಹಗ್ಗ, ರಾಟೆಗಳ ಮೇಲೆಯೇ ನಡೆದವು. ಭಾರೀ ಗಾತ್ರ, ನಿಧಾನದ ಚಲನೆ. ಹಳ್ಳಿ ರಸ್ತೆಗೆ ಅದು ಬರುವ ಮಾತೇ ಇರಲಿಲ್ಲ.

ಎಲ್ಲವನ್ನೂ ಬದಲಾಯಿಸಿದ್ದು ಎಣ್ಣೆ. ಡೀಸೆಲ್ ಅಲ್ಲ ಸ್ವಾಮಿ, ಹೈಡ್ರಾಲಿಕ್ ಎಣ್ಣೆ. ಹೈಸ್ಕೂಲಿನಲ್ಲಿ ಪ್ಯಾಸ್ಕಲ್ ನಿಯಮ ಓದಿರ್ತೀರಿ, ಮರೆತಿರ್ತೀರಿ. ಮುಚ್ಚಿದ ಕೊಳವೆಯಲ್ಲಿನ ದ್ರವದ ಮೇಲೆ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲಾ ಕಡೆಗೂ ಸಮನಾಗಿ ಹೋಗುತ್ತೆ. ಒಂದು ಚದರ ಅಂಗುಲದ ಸಣ್ಣ ಪಿಸ್ಟನ್ ಮೇಲೆ 10 ಕೆ.ಜಿ. ತೂಕ ಇಟ್ಟರೆ, ಇನ್ನೊಂದು ತುದಿಯಲ್ಲಿರುವ 100 ಚದರ ಅಂಗುಲದ ಪಿಸ್ಟನ್ 1,000 ಕೆ.ಜಿ. ಎತ್ತುತ್ತೆ. ಪುಕ್ಕಟೆ ಏನಿಲ್ಲ, ಸಣ್ಣದು ನೂರು ಅಂಗುಲ ಇಳಿದರೆ ದೊಡ್ಡದು ಒಂದೇ ಅಂಗುಲ ಏಳೋದು. ಆದರೂ ಯೋಚನೆ ಮಾಡಿ. ಒಬ್ಬ ಮನುಷ್ಯ ಎರಡು ಬೆರಳಲ್ಲಿ ಲಿವರ್ ಆಡಿಸುತ್ತಾನೆ, ಎದುರಿಗೆ ಬಂಡೆ ಎದ್ದು ಬರುತ್ತೆ. ಅದರ ಗುಟ್ಟು ಇಷ್ಟೇ.

ಇದನ್ನ ಹಿಡಿದುಕೊಂಡು ಗೆದ್ದವರು ಯಾರು ಅಂತ ನಮ್ಮ ಹಳ್ಳಿಯವರನ್ನ ಕೇಳಿ, ಅವರೇ ಹೇಳ್ತಾರೆ. ಹಿಂದೆ ಮುಂದೆ ಎರಡೂ ಕಡೆ ಕೆಲಸ ಮಾಡುವ ಟೈರಿನ ಗಾಡಿ ಬಂದರೆ "ಜೆಸಿಬಿ ಬಂತು". ಚೈನಿನ ಮೇಲೆ ಸುತ್ತ ತಿರುಗುವ ದೊಡ್ಡ ಗಾಡಿ ಬಂದರೆ "ಹಿಟಾಚಿ ಬಂತು". ಸ್ವಲ್ಪ ವಯಸ್ಸಾದವರಾದರೆ "ಪೋಕ್ಲೇನ್ ಬಂತು". ಇವು ಮೂರೂ ಯಂತ್ರದ ಹೆಸರಲ್ಲ, ಕಂಪನಿಯ ಹೆಸರು. ಗಾಡಿ ಯಾವ ಕಂಪನಿಯದೇ ಆಗಿರಲಿ, ಕರೆಯೋದು ಹೀಗೇ.

ಪೋಕ್ಲೇನ್ ಫ್ರಾನ್ಸಿನದು. 1961ರಲ್ಲಿ ಅವರು ಹೊರತಂದ ಟಿವೈ 45 ಅನ್ನೋ ಹೈಡ್ರಾಲಿಕ್ ಗಾಡಿ ನಿಂತಲ್ಲೇ ಪೂರ್ತಿ ಸುತ್ತು ತಿರುಗುತ್ತಿತ್ತು. ಹಿಟಾಚಿ ಜಪಾನಿನದು. 1980ರ ದಶಕದಲ್ಲಿ ಟಾಟಾ ಜೊತೆ ಕೈಜೋಡಿಸಿತು. ಟಾಟಾ ಹಿಟಾಚಿ ಗಾಡಿಗಳು ನಮ್ಮ ಧಾರವಾಡದ ಕಾರ್ಖಾನೆಯಲ್ಲೂ ತಯಾರಾಗುತ್ತವೆ. ಜೆಸಿಬಿ ಅಂದರೆ ಒಬ್ಬ ಮನುಷ್ಯನ ಹೆಸರು, ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್. 1945ರ ಅಕ್ಟೋಬರ್, ಎರಡನೇ ಮಹಾಯುದ್ಧ ಆಗಷ್ಟೇ ಮುಗಿದಿದೆ. ಇಂಗ್ಲೆಂಡಿನ ಅಟಾಕ್ಸಿಟರ್ ಅನ್ನೋ ಸಣ್ಣ ಊರಿನ ಗ್ಯಾರೇಜಿನಲ್ಲಿ ಯುದ್ಧದ ಮಿಕ್ಕಿದ ಸಾಮಾನು ಬಳಸಿ ರೈತರಿಗೊಂದು ಟಿಪ್ಪರ್ ಟ್ರೈಲರ್ ಮಾಡಿದ. 45 ಪೌಂಡಿಗೆ ಮಾರಿದ. 1953ರಲ್ಲಿ ಮುಂದೆ ತುಂಬುವ, ಹಿಂದೆ ಅಗೆಯುವ ಗಾಡಿ ಅವನ ಶೆಡ್ಡಿನಿಂದ ಹೊರಬಂತು. 1979ರಲ್ಲಿ ಕಂಪನಿ ಭಾರತಕ್ಕೆ ಬಂದು ಹರಿಯಾಣದ ಬಲ್ಲಭಗಢದಲ್ಲಿ ಕಾರ್ಖಾನೆ ಹೂಡಿತು.

ನಮ್ಮ ನೆಲದ ಪಾಲನ್ನೂ ಹೇಳಬೇಕು. 1964ರಲ್ಲಿ ಬಿಇಎಂಎಲ್ ಹುಟ್ಟಿತು. ಕೆಜಿಎಫ್‌ನಲ್ಲಿ ಬುಲ್ಡೋಜರ್ ಮಾಡುವ ಕಾರ್ಖಾನೆ ಎದ್ದಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಹರಿದು ಬಂದಿದ್ದೂ ಅದೇ ಕೆಜಿಎಫ್‌ಗೆ. ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಮಣ್ಣಿನ ಯಂತ್ರದ ಕಾರ್ಖಾನೆ ಉಳಿಯಿತು. ಚಿನ್ನಕ್ಕಿಂತ ಮಣ್ಣೇ ಗಟ್ಟಿ ಅಂತ ಆ ಊರಿನವರಿಗೆ ಚೆನ್ನಾಗಿ ಗೊತ್ತು.

ಈಗ ಯಂತ್ರವೂ ಬಂತು, ಮೇಳವೂ ಇತ್ತು. ಎರಡೂ ಸೇರಿದ್ದು ಎಲ್ಲಿ? ಜರ್ಮನಿಯ ಮ್ಯೂನಿಕ್‌ನಲ್ಲಿ, 1954ರಲ್ಲಿ. ಬೌಮಾ ಅಂತ ಅದರ ಹೆಸರು. ಬಾಂಬು ಬಿದ್ದು ಊರಿಗೆ ಊರೇ ಕಲ್ಲುಗುಡ್ಡೆಯಾಗಿದ್ದ ದೇಶ. ಯುದ್ಧ ಮುಗಿದ ಕೂಡಲೇ ಆ ಅವಶೇಷಗಳನ್ನ ಬಕೆಟ್ಟಿನಲ್ಲಿ ಕೈಯಿಂದ ಕೈಗೆ ದಾಟಿಸಿದವರಲ್ಲಿ ಹೆಂಗಸರೂ ಇದ್ದರು. ಅಂಥ ದೇಶ ಮತ್ತೆ ಮನೆ ಕಟ್ಟಬೇಕಿತ್ತು. ಮೊದಲ ಮೇಳಕ್ಕೆ ಬಂದದ್ದು 58 ಕಂಪನಿಗಳು. 2019ರ ಬೌಮಾಗೆ ಬಂದ ಜನ 6 ಲಕ್ಷಕ್ಕೂ ಹೆಚ್ಚು. ಮೈಸೂರಿನ ವಸ್ತುಪ್ರದರ್ಶನ ಬರದ ನೆರಳಲ್ಲಿ ಹುಟ್ಟಿತು, ಮ್ಯೂನಿಕ್‌ನದು ಯುದ್ಧದ ನೆರಳಲ್ಲಿ. ಕಳೆದುಕೊಂಡ ಮೇಲೆ ಮತ್ತೆ ಕಟ್ಟೋಣ ಅನ್ನುವ ಆಸೆಯೇ ಇಂಥ ಮೇಳಗಳ ತಾಯಿ.

ಬೆಂಗಳೂರಿನ ಎಕ್ಸ್‌ಕಾನ್ ಈ ಸಂತಾನದ ಕುಡಿ. ಭಾರತೀಯ ಕೈಗಾರಿಕಾ ಒಕ್ಕೂಟ, ಅಂದರೆ ಸಿಐಐ ನಡೆಸುವ ಮೇಳ. ದೇಶದಲ್ಲಿ ಹೆದ್ದಾರಿ, ಮೆಟ್ರೋ, ಫ್ಲೈಓವರ್ ಹುಚ್ಚು ಹತ್ತಿದ ಕಾಲದಲ್ಲೇ ಇದೂ ಬೆಳೆಯಿತು. ಮಾದಾವರದ ಈ ಕೇಂದ್ರವನ್ನ ಕಟ್ಟಿಸಿದ್ದು ಯಂತ್ರೋಪಕರಣ ತಯಾರಕರ ಸಂಘ, 2007ರಲ್ಲಿ. ಕೋವಿಡ್‌ನಿಂದ 2021ರ ಮೇಳ 2022ರ ಮೇ ತಿಂಗಳಿಗೆ ಹೋಯಿತು. ಆಮೇಲೆ 2023ರ ಡಿಸೆಂಬರ್. ನಾನು ಹೇಳುತ್ತಿರುವುದು ಇದೇ ಮೇಳ.

ಇನ್ನು ನನ್ನ ತಪ್ಪಿನ ಕಥೆ. ಇದನ್ನ ಟಿವಿಯಲ್ಲಿ ಯಾವತ್ತೂ ಹೇಳಿಲ್ಲ.

2009ರಲ್ಲಿ ನಾನು ಕೊನೇ ವರ್ಷದ ಎಂಜಿನಿಯರಿಂಗ್. ಕಾಲೇಜಿನ ಗೆಳೆಯರ ಜೊತೆ ಮೊದಲ ಸಲ ಎಕ್ಸ್‌ಕಾನ್‌ಗೆ ಹೋದೆ. ಎರಡು ಚೀಲ ತುಂಬ ಬ್ರೋಷರ್ ತಂದೆ. ಊರಿಗೆ ಹೋದಾಗ ಚಿಕ್ಕಪ್ಪ ಅವನ್ನೆಲ್ಲಾ ಹಾಸಿಕೊಂಡು ಕೂತರು. ಅವರಾಗ ಟ್ರ್ಯಾಕ್ಟರ್ ಓಡಿಸುತ್ತಿದ್ದರು. "ಮಗಾ, ಒಂದು ಗಾಡಿ ತಗೊಂಡ್ರೆ ಗಿಟ್ಟುತ್ತಾ? ನೀನು ಓದಿದೋನು, ಲೆಕ್ಕ ಹಾಕು" ಅಂದರು. ನಾನು ಲ್ಯಾಪ್‌ಟಾಪ್ ತೆಗೆದೆ. ಎಕ್ಸೆಲ್ ಶೀಟ್. ಗಂಟೆ ಬಾಡಿಗೆ ಇಷ್ಟು, ದಿನಕ್ಕೆ ಎಂಟು ಗಂಟೆ, ತಿಂಗಳಿಗೆ 25 ದಿನ, ಡೀಸೆಲ್ ಇಷ್ಟು, ಡ್ರೈವರ್ ಸಂಬಳ ಬತ್ತಾ ಇಷ್ಟು, ಸಾಲದ ಕಂತು ಇಷ್ಟು. ಕೊನೇ ಕಾಲಂನಲ್ಲಿ ಹಸಿರು ಬಣ್ಣದಲ್ಲಿ ಲಾಭ. ಎಷ್ಟು ಚೆಂದ ಕಾಣ್ತಿತ್ತು ಗೊತ್ತಾ!

2010ರಲ್ಲಿ ಎರಡು ಎಕರೆ ತೆಂಗಿನ ತೋಟದ ಮೇಲೆ ಸಾಲ ತೆಗೆದು ಚಿಕ್ಕಪ್ಪ ಗಾಡಿ ತಂದರು. ಊರಿಗೆ ಊರೇ ಬಂದು ನೋಡಿತು. ಬಕೆಟ್ಟಿಗೆ ಕುಂಕುಮ, ಟೈರಿಗೆ ನಿಂಬೆಹಣ್ಣು. ಚಿಕ್ಕನಾಯಕನಹಳ್ಳಿ ಕಡೆ ಗಣಿ ರಸ್ತೆಯ ಕೆಲಸ ಸಿಕ್ಕಿತು. ಒಂದು ವರ್ಷ ಎಲ್ಲಾ ಚೆನ್ನಾಗಿತ್ತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಅದಿರು ಗಣಿಗಾರಿಕೆ ನಿಲ್ಲಿಸಿತು. ಆಗಸ್ಟ್‌ನಲ್ಲಿ ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೂ ಆದೇಶ ಬಂತು. ಆ ಆದೇಶ ಸರಿಯಾಗೇ ಇತ್ತು. ಬೆಟ್ಟ ಬೆಟ್ಟಗಳೇ ಕಳವಾಗಿದ್ದವು, ಆ ಸುದ್ದಿಯನ್ನ ನಾವೂ ತಿಂಗಳುಗಟ್ಟಲೆ ಕೂಗಿದ್ದೇವೆ. ಆದರೆ ದೊಡ್ಡವರು ಬೆಟ್ಟ ತಿಂದ ತಪ್ಪಿಗೆ ರಸ್ತೆ ಬದಿ ಸಾಲಾಗಿ ನಿಂತಿದ್ದು ಇಂಥ ಗಾಡಿಗಳು. ಕಂತು ಮಾತ್ರ ನಿಲ್ಲಲಿಲ್ಲ.

ನನ್ನ ಎಕ್ಸೆಲ್ ಶೀಟ್‌ನಲ್ಲಿ ಮಳೆಗಾಲದ ಕಾಲಂ ಇರಲಿಲ್ಲ. ಬಾಡಿಗೆ ಬಾಕಿ ಉಳಿಸಿಕೊಳ್ಳುವ ಗುತ್ತಿಗೆದಾರನ ಕಾಲಂ ಇರಲಿಲ್ಲ. ಕೋರ್ಟಿನ ಕಾಲಂ ಅಂತೂ ಇರಲೇ ಇಲ್ಲ. 2012ರಲ್ಲಿ ಸಾಲ ಕೊಟ್ಟವರ ಕಡೆಯವರು ಬಂದು ಗಾಡಿ ತಗೊಂಡು ಹೋದರು. ಎರಡು ಎಕರೆಯಲ್ಲಿ ಒಂದು ಎಕರೆ ಹೋಯಿತು. ಅವತ್ತಿಂದ ಚಿಕ್ಕಪ್ಪ ಬೇರೆಯವರ ಗಾಡಿಗೆ ಡ್ರೈವರ್. ನನ್ನನ್ನ ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರ್ತಿತ್ತು.

ಹಾಗಾದರೆ ಯಂತ್ರ ಬೇಡ ಅನ್ನೋಣವಾ? ಮಂಕರಿ ಕಾಲವೇ ಚೆನ್ನಾಗಿತ್ತು ಅನ್ನೋಣವಾ? ಇಲ್ಲಿ ನಮ್ಮ ಅಜ್ಜಿ ಅಡ್ಡ ಬರ್ತಾರೆ.

ನಮ್ಮಜ್ಜಿ ವಯಸ್ಸಿನಲ್ಲಿ ಬರಗಾಲದ ಕಾಮಗಾರಿಯಲ್ಲಿ ಕೆರೆ ಏರಿಗೆ ಮಣ್ಣು ಹೊತ್ತವರು. ತಲೆ ಮೇಲೆ ಸಿಂಬೆ, ಸಿಂಬೆ ಮೇಲೆ ಮಂಕರಿ. ಅವರ ನಡುನೆತ್ತಿಯಲ್ಲಿ ಒಂದು ರೂಪಾಯಿ ಅಗಲಕ್ಕೆ ಕೂದಲೇ ಇರಲಿಲ್ಲ. ನಮ್ಮೂರ ಕೆರೆ ಹೂಳೆತ್ತಲು ಮೊದಲ ಸಲ ಜೆಸಿಬಿ ಬಂದಾಗ ಅಜ್ಜಿಯನ್ನೂ ಕರೆದುಕೊಂಡು ಹೋಗಿದ್ದೆವು. ಏರಿ ಮೇಲೆ ಕೂತು ಬಹಳ ಹೊತ್ತು ನೋಡಿದರು. ಆಮೇಲೆ ಸೆರಗು ಸರಿಮಾಡಿಕೊಂಡು, "ಈ ಮೂದೇವಿ ಐವತ್ ವರ್ಷ ಮುಂಚೆ ಬಂದಿದ್ರೆ ನನ್ ತಲೇಲಿ ಕೂದ್ಲಿರೋದು" ಅಂದರು. ಎಲ್ಲರೂ ನಕ್ಕೆವು. ಅಜ್ಜಿ ನಗಲಿಲ್ಲ. ಕ್ಯಾಬಿನ್ ಕಡೆ ಬೆರಳು ತೋರಿಸಿ ಕೇಳಿದರು. "ಅಷ್ಟು ಜನದ ಕೂಲೀನೂ ಆ ಒಬ್ಬನಿಗೇನಾ?"

ಈ ಪ್ರಶ್ನೆಗೆ ನನ್ನ ಎಂಜಿನಿಯರಿಂಗ್‌ನಲ್ಲಿ ಉತ್ತರ ಇರಲಿಲ್ಲ. ಇದೆ ಅಂದರೆ ಇಷ್ಟೇ. ಇಲ್ಲ ಅಜ್ಜಿ, ಅವನಿಗೂ ಅಲ್ಲ. ನೂರು ಜನರ ಕೂಲಿಯಲ್ಲಿ ಸ್ವಲ್ಪ ಡೀಸೆಲ್‌ಗೆ, ಸ್ವಲ್ಪ ಕಂತಿಗೆ, ಸ್ವಲ್ಪ ಮಾಲೀಕನಿಗೆ, ಸ್ವಲ್ಪ ಗುತ್ತಿಗೆದಾರನಿಗೆ. ಉಳಿದಿದ್ದು ಅವನಿಗೆ. 2005ರ ಉದ್ಯೋಗ ಖಾತ್ರಿ ಕಾಯ್ದೆ ಬರೆದವರಿಗೂ ಅಜ್ಜಿಯ ಪ್ರಶ್ನೆಯೇ ಕಾಡಿರಬೇಕು. ಕೂಲಿಕಾರರ ಕೈ ಕೆಲಸ ಕಸಿಯುವ ಯಂತ್ರ ಬಳಸಬಾರದು, ಗುತ್ತಿಗೆದಾರ ಇರಬಾರದು ಅಂತ ಅದರಲ್ಲಿ ಬರೆದರು. ಎಷ್ಟು ಕಡೆ ರಾತ್ರಿ ಜೆಸಿಬಿಯಲ್ಲಿ ಅಗೆದು ಹಗಲು ಮಸ್ಟರ್ ರೋಲ್‌ಗೆ ಹೆಬ್ಬೆಟ್ಟು ಒತ್ತಿಸಿದ್ದಾರೆ ಅನ್ನೋದು ಹಳ್ಳಿಯವರಿಗೆಲ್ಲಾ ಗೊತ್ತಿರೋ ಗುಟ್ಟು.

ಹಾಗಾಗಿ ನಾನು ಯಂತ್ರದ ವಿರೋಧಿ ಅಲ್ಲ. ನೆತ್ತಿಯ ಕೂದಲು ಉಳಿಸುವ ಯಂತ್ರ ಬರಲೇಬೇಕು. ನನ್ನ ಸಿಟ್ಟು ಬೇರೆ. ಕೆರೆಯ ಶಾಸನದಿಂದ ಇವತ್ತಿನ ಶಿಲಾಫಲಕದವರೆಗೆ ಕಟ್ಟಿಸಿದವರ ಹೆಸರೇ ಬಂತು. ಮಂಕರಿ ಹೋಗಿ ಬಕೆಟ್ ಬಂದರೂ ಕಟ್ಟಿದವನಿಗೆ ಹೆಸರು ಬರಲಿಲ್ಲ. ನಮ್ಮ ಚಾನೆಲ್‌ಗಳೂ ಕಮ್ಮಿ ಏನಿಲ್ಲ. ಒತ್ತುವರಿ ತೆರವು ಅಂದರೆ ನಾವು ಹೇಳೋದು "ಜೆಸಿಬಿ ಘರ್ಜನೆ". ಒಂದು ಸಲ ನಾನು ಹೀಗೇ ಲೈವ್‌ನಲ್ಲಿ ಕೂಗ್ತಾ ನಿಂತಿದ್ದೆ. ಕೆಲಸ ಮುಗಿದ ಮೇಲೆ ಗಾಡಿಯ ಹುಡುಗ ಬಂದು, "ಸಾರ್, ನನ್ನ ಮುಖ ತೋರಿಸಿಬಿಟ್ರಾ? ನಾವೂ ಇಂಥದ್ದೇ ಏರಿಯಾದಲ್ಲಿ ಇರೋದು" ಅಂದ. ಘರ್ಜಿಸಿದ್ದು ನಾನು. ಮುಖ ಮುಚ್ಚಿಕೊಳ್ಳಬೇಕಾಗಿ ಬಂದಿದ್ದು ಅವನಿಗೆ.

ಮತ್ತೆ ಮಾದಾವರಕ್ಕೆ. ಒಂದು ಹೊಸ ಗಾಡಿಯ ಮುಂದೆ ಚಿಕ್ಕಪ್ಪ ನಿಂತರು. ಕೋಟು ಹಾಕಿದ್ದ ಹುಡುಗ ಓಡಿ ಬಂದ. "ಸರ್, ನೀವು ಓನರಾ? ಎಷ್ಟು ಗಾಡಿ ಇದೆ?" ಚಿಕ್ಕಪ್ಪ "ಡ್ರೈವರ್ ಕಣಪ್ಪ" ಅಂದರು. ಹುಡುಗ ಸೌಜನ್ಯದಿಂದಲೇ ನಕ್ಕು ಪಕ್ಕದವರ ಕಡೆ ತಿರುಗಿದ. ಅವನ ತಪ್ಪಲ್ಲ. ಅವನಿಗೂ ತಿಂಗಳ ಟಾರ್ಗೆಟ್ ಇರುತ್ತೆ.

ನಾನೇ ಆ ಹುಡುಗನನ್ನ ಕರೆದು ಕೇಳಿ, ಚಿಕ್ಕಪ್ಪನನ್ನ ಕ್ಯಾಬಿನ್ ಹತ್ತಿಸಿದೆ. ಎಸಿ ಇತ್ತು. ಸೀಟು ಬೆನ್ನಿಗೆ ತಕ್ಕ ಹಾಗೆ ಬಾಗುತ್ತಿತ್ತು. ಚಿಕ್ಕಪ್ಪ ಲಿವರ್ ಮೇಲೆ ಕೈ ಇಟ್ಟು ಸುಮ್ಮನೆ ಕೂತರು. ಇಳಿದ ಮೇಲೆ ಏನನ್ನಿಸಿತು ಅಂತ ಕೇಳಿದೆ. "ಸೀಟು ಚೆನ್ನಾಗೈತೆ. ಹದಿಮೂರು ವರ್ಷದಿಂದ ಸೊಂಟ ನೋವು ಮಗಾ. ನಮ್ ಓನರ್ ಈ ಗಾಡಿ ತಗೊಳ್ಳಲ್ಲ ಬಿಡು" ಅಂದರು. ಇಡೀ ಮೇಳದಲ್ಲಿ ನಾನು ಕೇಳಿದ ಅತ್ಯುತ್ತಮ ತಾಂತ್ರಿಕ ವಿಮರ್ಶೆ ಅದು. ಬರೆದುಕೊಳ್ಳೋಕೆ ಅಲ್ಲಿ ಯಾರೂ ಇರಲಿಲ್ಲ.

2024ರ ನವೆಂಬರ್‌ನಿಂದ ಮಾದಾವರಕ್ಕೇ ಮೆಟ್ರೋ ಹೋಗುತ್ತೆ. ಮುಂದಿನ ಮೇಳಗಳಿಗೆ ಹೋಗೋದು ಸುಲಭ. ಹೋದರೆ ಬೆಲೆ ಕೇಳಿ, ಮೈಲೇಜ್ ಕೇಳಿ, ಹಲ್ಲೂ ಎಣಿಸಿ. ಆಮೇಲೆ ಒಂದು ಸಲ ಕ್ಯಾಬಿನ್ ಹತ್ತಿ ಕೂತು ನೋಡಿ. ಸಾಲ ಮಾಡಿ ಗಾಡಿ ತಗೊಳ್ಳೋರು ಮಳೆಗಾಲದ ನಾಲ್ಕು ತಿಂಗಳು ಬಿಟ್ಟು ಲೆಕ್ಕ ಹಾಕಿ. ಗಾಡಿ ಇಟ್ಟುಕೊಂಡಿರೋರು ಡ್ರೈವರ್‌ಗೆ ವಿಮೆ ಮಾಡಿಸಿ, ತರಬೇತಿ ಕೊಡಿಸಿ, ಸೀಟು ಹರಿದಿದ್ದರೆ ಇವತ್ತೇ ಹೊಲಿಸಿ. ನಿಮ್ಮೂರಲ್ಲಿ ಹೊಸ ಕೆರೆ ಕಟ್ಟೆ, ಶಾಲೆ, ಬಸ್ ಸ್ಟ್ಯಾಂಡ್ ಆದಾಗ ಶಿಲಾಫಲಕದ ಕೊನೇ ಸಾಲಿನಲ್ಲಿ ಅಗೆದವರ ಹೆಸರೂ ಇರಲಿ ಅಂತ ಪಂಚಾಯ್ತಿಯಲ್ಲಿ ಕೇಳಿ. ಖರ್ಚು ಏನೂ ಇಲ್ಲ, ಕಲ್ಲಿನ ಮೇಲೆ ಜಾಗ ಇರುತ್ತೆ.

ನಾನು ಟಿವಿಯಲ್ಲಿ "ಜೆಸಿಬಿ ಘರ್ಜನೆ" ಅನ್ನೋದನ್ನ ಬಿಟ್ಟಿದ್ದೇನೆ. ನ್ಯೂಸ್ ರೂಮಿನಲ್ಲಿ ಹುಡುಗರು ಕೇಳ್ತಾರೆ, ಸಾರ್, ಹೆಡ್‌ಲೈನ್ ಸಪ್ಪೆ ಆಯ್ತಲ್ಲ ಅಂತ. ಆಗಲಿ ಬಿಡ್ರಪ್ಪ ಅಂತೀನಿ. ಒಳಗೆ ನಮ್ಮ ಚಿಕ್ಕಪ್ಪ ಕೂತಿರ್ತಾರೆ.